ಎರಡು ಗಂಟೆಯ ನಂತರದ ಕಾಲೇಜು

ತಾಲ್ಲೂಕು ಕೇಂದ್ರದ ಯಾವುದಾದರೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಹೋಗಿ ನೋಡಿ. ಬೆಳಿಗ್ಗೆ ಹತ್ತಕ್ಕೆ ಬೈಕ್ ನಿಲ್ಲಿಸಲೂ ಜಾಗವಿಲ್ಲದಿದ್ದ ಆವರಣ ಬಿಕೋ ಎನ್ನುತ್ತಿರುತ್ತದೆ. ಅಟೆಂಡರ್ ಬೀಗದ ಗೊಂಚಲು ಹಿಡಿದು ಕೊಠಡಿಯಿಂದ ಕೊಠಡಿಗೆ ನಡೆಯುತ್ತಿರುತ್ತಾರೆ. ಬಿ.ಎ., ಬಿ.ಕಾಂ. ಮಕ್ಕಳೆಲ್ಲ ಎಲ್ಲಿ ಹೋದರು ಎಂದರೆ ಬಸ್ ಸ್ಟ್ಯಾಂಡಿಗೆ. ಊರಿನ ಬಸ್ಸು ಬರುವುದು ನಾಲ್ಕೂಕಾಲಿಗೆ. ಅಲ್ಲಿಯವರೆಗೆ ಕಲ್ಲುಬೆಂಚು, ಚುರುಮುರಿ, ಮೊಬೈಲು, ಮಾತು.

ಆ ಒಂದೂಮುಕ್ಕಾಲು ಗಂಟೆ ಯಾರ ಲೆಕ್ಕಕ್ಕೂ ಸೇರಿಲ್ಲ. ವೇಳಾಪಟ್ಟಿಯಲ್ಲಿಲ್ಲ, ಹಾಜರಾತಿ ಪುಸ್ತಕದಲ್ಲಿಲ್ಲ. ಮನೆಯವರ ಪಾಲಿಗೆ ಮಗಳು ಇನ್ನೂ ಕಾಲೇಜಿನಲ್ಲಿದ್ದಾಳೆ, ಕಾಲೇಜಿನ ಪಾಲಿಗೆ ಅವಳು ಆಗಲೇ ಮನೆಗೆ ಹೋಗಿಯಾಗಿದೆ. ಪ್ರಥಮ ವರ್ಷದವರ ಸ್ವಾಗತ ಸಮಾರಂಭಕ್ಕೆ ಬಂದ ಅತಿಥಿಗಳು ಹಾರ, ಶಾಲು ಹಾಕಿಸಿಕೊಂಡು ‘ಸಮಯ ಸದುಪಯೋಗಪಡಿಸಿಕೊಳ್ಳಿ’ ಎಂದು ಹೇಳಿ ಕಾರು ಹತ್ತುತ್ತಾರೆ. ಯಾವ ಸಮಯ ಎಂದು ಒಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ಪದವಿ ಓದುವ ಹುಡುಗ ಹುಡುಗಿಯರ ಕೈಯಲ್ಲಿ ನಿಜವಾಗಿ ಇರುವ ಸಮಯ ಇದೇ. ಪಾಠದ ಗಂಟೆಗಳು ವಿಶ್ವವಿದ್ಯಾಲಯದ್ದು, ಸಂಜೆಯ ಗಂಟೆಗಳು ಮನೆಯದ್ದು. ನಡುವೆ ಯಾರೂ ಕೇಳದೆ ಬಿದ್ದಿರುವ ಈ ಹೊತ್ತಿನಲ್ಲಿ ಏನಾಯಿತು ಎನ್ನುವುದರ ಮೇಲೆ ಮೂರು ವರ್ಷದ ಓದು ನಿಂತಿದೆ ಎಂಬುದು ಪಾಠ ಹೇಳುತ್ತ ಹೇಳುತ್ತ ನನಗೆ ಗಟ್ಟಿಯಾದ ಮಾತು.

ಲೆಕ್ಕ ಹಾಕಿ ನೋಡೋಣ. ಮೂರು ವರ್ಷದ ಪದವಿ ಎಂದರೆ ಆರು ಸೆಮಿಸ್ಟರ್. ಒಂದು ಸೆಮಿಸ್ಟರಿಗೆ ಸುಮಾರು 90 ಕೆಲಸದ ದಿನ ಎಂದು ಹಿಡಿದರೆ 540 ದಿನ. ಮೂರು ವರ್ಷಕ್ಕೆ ದಿನಗಳು 1,095. ಅರ್ಧಕ್ಕಿಂತ ತುಸು ಹೆಚ್ಚು ದಿನ ಕಾಲೇಜೇ ಇಲ್ಲ. ಇರುವ 540ರಲ್ಲೂ ಪರೀಕ್ಷೆಯ ಕೆಲಸ, ಮೌಲ್ಯಮಾಪನ, ಚುನಾವಣೆ, ಕ್ರೀಡಾಕೂಟ, ಅತಿಥಿ ಉಪನ್ಯಾಸಕರ ನೇಮಕಾತಿ ತಡವಾಗಿ ಖಾಲಿ ಹೋದ ವಾರಗಳು ಎಲ್ಲ ಕಳೆಯಬೇಕು. ಮೇಲಾಗಿ ಹಾಜರಾತಿ ಶೇ 75 ಇದ್ದರೆ ಸಾಕು. ‘ಕಾಲೇಜಿಗೆ ಹೋಗೋದ್ರಲ್ಲೇ ಟೈಮೆಲ್ಲ ಹೋಗುತ್ತೆ ಸರ್’ ಎನ್ನುವ ಮಾತು ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಇಷ್ಟು ಬಿಡುವು ಮನುಷ್ಯನಿಗೆ ಇನ್ನೊಮ್ಮೆ ಸಿಗುವುದು ನಿವೃತ್ತಿಯಾದ ಮೇಲೆ; ಆಗ ಮಂಡಿ ಕೇಳುವುದಿಲ್ಲ.

ವೇಳಾಪಟ್ಟಿಯನ್ನು ತುಂಬಬೇಕಾದವರಿಗೂ ಏನು ತುಂಬಬೇಕೆಂಬ ಗೊಂದಲ ಇದ್ದೇ ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ಪದವಿ ನಾಲ್ಕು ವರ್ಷದ್ದಾಯಿತು. 2024-25ಕ್ಕೆ ಅದು ಹೋಗಿ ಮತ್ತೆ ಮೂರು ವರ್ಷ ಬಂತು. ಒಂದೇ ಕಾರಿಡಾರಿನಲ್ಲಿ ಅಕ್ಕನಿಗೊಂದು ಪಠ್ಯಕ್ರಮ, ತಂಗಿಗೊಂದು ಪಠ್ಯಕ್ರಮ. ಇಂಥದರಲ್ಲಿ ಖಾಲಿ ಇರುವ ಭಾಗವನ್ನಾದರೂ ವಿದ್ಯಾರ್ಥಿ ತಾನೇ ತುಂಬಿಕೊಳ್ಳುವುದು ಜಾಣತನ.

ಹಿಂದಿನವರು ತುಂಬಿಕೊಂಡದ್ದು ಹೇಗೆ ಎಂಬುದಕ್ಕೆ ನಮ್ಮಲ್ಲೇ ಕಥೆಗಳಿವೆ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅದಾಗಿ ಮೂರೇ ವರ್ಷಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದ ಕರ್ನಾಟಕ ಸಂಘ ‘ಪ್ರಬುದ್ಧ ಕರ್ನಾಟಕ’ವನ್ನು ಹೊರತಂದಿತು. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ, ಕನ್ನಡ ಮೇಷ್ಟ್ರೆಂದರೆ ಮೂಲೆಯ ಕುರ್ಚಿ ಎಂದೇ ಎಣಿಸುತ್ತಿದ್ದ ಕಾಲ ಅದು. ವಿಶ್ವವಿದ್ಯಾಲಯವೇ ಮುಂದೆ ವಹಿಸಿಕೊಂಡ ಆ ಪತ್ರಿಕೆ ಶುರುವಾದದ್ದು ಒಂದು ಕಾಲೇಜು ಸಂಘದ ಬಿಡುವಿನ ಕೆಲಸವಾಗಿ. ಅದೇ ಕಾಲೇಜಿನಲ್ಲಿ ಜಿ.ಪಿ. ರಾಜರತ್ನಂ ಅಂಥದೇ ಕೆಲಸವನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಕಟ್ಟಿದ ಕನ್ನಡ ಸಂಘ ನೂರಕ್ಕೂ ಹೆಚ್ಚು ಪುಸ್ತಕ ಪ್ರಕಟಿಸಿತು. ಅದು ಬೇಂದ್ರೆ ಹೆಸರಿನಲ್ಲಿ ನಡೆಸಿದ ಅಂತರಕಾಲೇಜು ಕವನ ಸ್ಪರ್ಧೆಗೆ ಊರೂರಿನ ಕಾಲೇಜುಗಳಿಂದ ಲಕೋಟೆಗಳು ಬರುತ್ತಿದ್ದವು.

ಸಂಘ ಎಂದೊಡನೆ ಭಾಷಣ, ಸನ್ಮಾನ ನೆನಪಾಗುವುದು ಸಹಜ. ಆದರೆ ಅಲ್ಲಿ ಹುಡುಗರು ಕಲಿತದ್ದು ಬೇರೆ. ಲೇಖಕರಿಗೆ ಕಾಗದ ಬರೆದು ಉತ್ತರಕ್ಕೆ ಕಾಯುವುದು, ಮುದ್ರಣಾಲಯದಿಂದ ಬಂದ ಕರಡಿನಲ್ಲಿ ದೀರ್ಘ, ಒತ್ತಕ್ಷರ ಹುಡುಕಿ ತಿದ್ದುವುದು, ಚಂದಾದಾರರ ಪಟ್ಟಿ ಇಟ್ಟುಕೊಳ್ಳುವುದು, ಮಳೆ ಬಂದು ನಲವತ್ತು ಕುರ್ಚಿಯಲ್ಲಿ ಮೂವತ್ತು ಖಾಲಿ ಉಳಿದಾಗ ಅತಿಥಿಯ ಮುಖ ನೋಡುವ ಧೈರ್ಯ. ಕರಡು ತಿದ್ದಿದವನಿಗೆ ಜೀವನಪರ್ಯಂತ ಕಣ್ಣು ಬೇರೆಯಾಗುತ್ತದೆ. ಅಂಗಡಿ ಬೋರ್ಡಿನಲ್ಲಿರುವ ತಪ್ಪೂ ಚುಚ್ಚುತ್ತದೆ. ಈಗಲೂ ಪ್ರತಿ ಕಾಲೇಜಿನಲ್ಲಿ ವಾರ್ಷಿಕ ಸಂಚಿಕೆ ಎಂಬುದು ಇದೆ. ಅದಕ್ಕೆಂದೇ ವಿದ್ಯಾರ್ಥಿಗಳಿಂದ ಶುಲ್ಕವನ್ನೂ ಪಡೆಯುತ್ತಾರೆ. ಬಹಳಷ್ಟು ಕಡೆ ಅದು ಮಾರ್ಚಿನ ಕೊನೆಯ ವಾರ ಡಿಟಿಪಿ ಅಂಗಡಿಯಲ್ಲಿ ಹುಟ್ಟಿ, ವಾಟ್ಸ್ಆ್ಯಪ್ಪಿನಿಂದ ಎತ್ತಿದ ಕವನಗಳನ್ನು ತುಂಬಿಕೊಂಡು, ಪ್ರಾಂಶುಪಾಲರ ಟೇಬಲ್ಲಿನ ಮೇಲೆ ಮುಗಿಯುತ್ತದೆ. ಜೂನ್‌ನಲ್ಲೇ ನಾಲ್ಕು ಜನ ವಿದ್ಯಾರ್ಥಿಗಳು ಹೋಗಿ ‘ಈ ವರ್ಷ ನಾವು ಮಾಡ್ತೀವಿ ಸರ್’ ಎಂದರೆ ತಡೆಯುವ ಪ್ರಾಂಶುಪಾಲರು ಕಡಿಮೆ. ಅವರಿಗೂ ಒಂದು ಕೆಲಸ ಇಳಿಯುತ್ತದೆ.

ಧಾರವಾಡದ ಮಾತಿಲ್ಲದೆ ಈ ವಿಷಯ ಮುಗಿಯದು. ಗಿರೀಶ ಕಾರ್ನಾಡರು ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಸಾಹಿತ್ಯವನ್ನಲ್ಲ, ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು. 1958ರಲ್ಲಿ ಬಿ.ಎ. ಆಯಿತು. ಆಮೇಲೆ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು. ಗಣಿತ ಆರಿಸಿಕೊಂಡದ್ದರ ಹಿಂದೆ ಲೆಕ್ಕಾಚಾರವಿತ್ತು: ಅದರಲ್ಲಿ ಅಂಕ ಬರುತ್ತದೆ, ಅಂಕ ಬಂದರೆ ಹೊರದೇಶದ ಬಾಗಿಲು ತೆರೆಯುತ್ತದೆ. ಅಂಕದ ಪಾಲು ಗಣಿತಕ್ಕೆ, ಮನಸ್ಸಿನ ಪಾಲು ಓದಿಗೆ, ನಾಟಕಕ್ಕೆ. ‘ಯಯಾತಿ’ ಬರೆದದ್ದು ಇಂಗ್ಲೆಂಡಿಗೆ ಹೊರಡುವ ಸಿದ್ಧತೆಯ ದಿನಗಳಲ್ಲಿ. 1961ರಲ್ಲಿ ಅದನ್ನು ಪ್ರಕಟಿಸಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ಜಿ.ಬಿ. ಜೋಶಿಯವರು ನಡೆಸುತ್ತಿದ್ದ, ಕೀರ್ತಿನಾಥ ಕುರ್ತಕೋಟಿಯವರು ಜೊತೆಗಿದ್ದ ಆ ಸಂಸ್ಥೆಯ ಕಚೇರಿ ಇರುವುದು ಮಹಡಿಯಲ್ಲಿ. ಧಾರವಾಡದವರು ಅದನ್ನು ‘ಅಟ್ಟ’ ಎಂದೇ ಕರೆಯುತ್ತಾರೆ. ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಅಂಥ ಒಂದು ಅಟ್ಟ ಇದ್ದದ್ದು ಆ ಊರಿನ ಪುಣ್ಯ.

ಎಲ್ಲ ಊರಲ್ಲೂ ಕುರ್ತಕೋಟಿ ಸಿಗುವುದಿಲ್ಲ, ಒಪ್ಪಿದೆ. ಆದರೆ ವಕೀಲರ ಕಚೇರಿ ಎಲ್ಲ ಊರಲ್ಲೂ ಇದೆ. ಆಡಿಟರ್ ಕಚೇರಿ, ಸ್ಥಳೀಯ ಪತ್ರಿಕೆಯ ಕಚೇರಿ, ಮಣ್ಣು ಪರೀಕ್ಷೆಯ ಪ್ರಯೋಗಾಲಯ, ತಾಳಮದ್ದಳೆ ಕೂಟ, ಸಹಕಾರಿ ಸಂಘ, ಹಾಲಿನ ಡೇರಿ ಇವೆ. ರಾಜ್ಯಶಾಸ್ತ್ರದ ವಿದ್ಯಾರ್ಥಿ ತಾಲ್ಲೂಕು ನ್ಯಾಯಾಲಯದ ಹಿಂಬದಿಯ ಬೆಂಚಿನಲ್ಲಿ ಒಂದು ಮಧ್ಯಾಹ್ನ ಕೂತರೆ, ಸಂವಿಧಾನದ ಪಾಠ ಪುಸ್ತಕದಿಂದ ಎದ್ದು ಬರುತ್ತದೆ. ಸಾಮಾನ್ಯವಾಗಿ ಕಲಾಪ ಮುಕ್ತವಾಗಿ ನಡೆಯುತ್ತದೆ, ಟಿಕೆಟ್ ಕೊಳ್ಳಬೇಕಾಗಿಲ್ಲ. ‘ಯಾಕಪ್ಪಾ ಬಂದೆ?’ ಎಂದು ಯಾರಾದರೂ ಕೇಳಿದರೆ ‘ಡಿಗ್ರಿ ಓದ್ತಿದೀನಿ, ನೋಡೋಕೆ ಬಂದೆ ಸರ್’ ಎಂದರೆ ಸಾಕು. ಕಾಲೇಜು ವಿದ್ಯಾರ್ಥಿ ಎಂಬ ಗುರುತು ಮೂರು ವರ್ಷ ಮಾತ್ರ ಚಾಲ್ತಿಯಲ್ಲಿರುವ ಪರವಾನಗಿ. ಅದನ್ನು ತೋರಿಸಿ ಎಲ್ಲಿ ಬೇಕಾದರೂ ಹೋಗಿ ಪ್ರಶ್ನೆ ಕೇಳಬಹುದು, ಜನ ಕೂರಿಸಿ ಚಹಾ ಕೊಟ್ಟು ಹೇಳುತ್ತಾರೆ. ಪದವಿ ಮುಗಿದ ಮಾರನೆಯ ದಿನ ಅದೇ ಜನ ‘ಏನು ಕೆಲಸ ಮಾಡ್ತಿದೀಯ?’ ಎಂದು ಮೊದಲು ಕೇಳುತ್ತಾರೆ.

ಈಗ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಬರೋಣ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಯಂತ್ರದ ಹಸಿರು ಬೆಳಕು ಒಂದೇ ಸಮನೆ ಹೋಗಿ ಬರುತ್ತಿರುತ್ತದೆ. ಕೌಂಟರಿನ ಮೇಲೆ ಸ್ಪೈರಲ್ ಹಾಕಿದ ತೆಳ್ಳನೆ ಪುಸ್ತಕಗಳ ರಾಶಿ; ಮೇಲೆ ವಿಷಯದ ಹೆಸರು, ಸೆಮಿಸ್ಟರ್. ಇದಕ್ಕೆ ವಿದ್ಯಾರ್ಥಿಗಳ ನಡುವೆ ಇರುವ ಹೆಸರು ಪಾಸಿಂಗ್ ಪ್ಯಾಕೇಜ್. ಹಳೆಯ ಪ್ರಶ್ನೆಪತ್ರಿಕೆಗಳನ್ನು ಜಾಲಾಡಿ, ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಹೆಕ್ಕಿ, ಐದು ಅಂಕಕ್ಕೆ ಒಂದೂವರೆ ಪುಟ, ಹತ್ತು ಅಂಕಕ್ಕೆ ಮೂರು ಪುಟ ಎಂದು ಅಳೆದು ಬರೆದ ಉತ್ತರಗಳು ಅದರಲ್ಲಿರುತ್ತವೆ. ಯಾರೋ ಒಬ್ಬಳು ಶ್ರದ್ಧಾವಂತ ಹುಡುಗಿ ಎರಡು ವರ್ಷದ ಹಿಂದೆ ಬರೆದ ಕೈಬರಹವೇ ಇನ್ನೂ ನಕಲಿನ ನಕಲಾಗಿ ಓಡುತ್ತಿರುತ್ತದೆ. ಅಂಚಿನಲ್ಲಿ ಅವಳು ಬಿಡಿಸಿದ ಹೂವೂ ಸಹ.

ನಮ್ಮ ಸಹೋದ್ಯೋಗಿಗಳು ಈ ಪ್ಯಾಕೇಜನ್ನು ಕಂಡರೆ ಉರಿದು ಬೀಳುತ್ತಾರೆ. ನನಗೆ ಅಷ್ಟು ಸಿಟ್ಟಿಲ್ಲ. ಪ್ರಶ್ನೆಪತ್ರಿಕೆ ಹಾಗಿರುವುದರಿಂದ ಪ್ಯಾಕೇಜ್ ಹೀಗಿದೆ. ನನ್ನ ತಕರಾರು ಬೇರೆ. ಹದಿನೈದು ದಿನದಲ್ಲಿ ಒಂದು ಸೆಮಿಸ್ಟರ್ ಪಾಸಾಗಬಹುದು ಎಂದು ಮೊದಲನೇ ಸೆಮಿಸ್ಟರಿನಲ್ಲೇ ಗೊತ್ತಾದ ವಿದ್ಯಾರ್ಥಿ, ಉಳಿದ ಎಪ್ಪತ್ತೈದು ದಿನದಲ್ಲಿ ಏನು ಮಾಡಿದ? ಅಷ್ಟೂ ದಿನ ಅವನು ಓದಲೂ ಇಲ್ಲ, ಓದದೆ ಇರುವ ಸುಖವನ್ನು ನೆಮ್ಮದಿಯಾಗಿ ಅನುಭವಿಸಲೂ ಇಲ್ಲ. ‘ಓದಬೇಕು, ಓದಬೇಕು’ ಎಂಬ ಕಿರಿಕಿರಿಯನ್ನು ಜೇಬಿನಲ್ಲಿಟ್ಟುಕೊಂಡು ರೀಲ್ಸ್ ನೋಡಿದ. ಇದಕ್ಕಿಂತ ಆ ಎಪ್ಪತ್ತೈದು ದಿನ ವಾಲಿಬಾಲ್ ಆಡಿದ್ದರೆ ಭುಜವಾದರೂ ಗಟ್ಟಿಯಾಗುತ್ತಿತ್ತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ಬಿಡುವು ಎಲ್ಲರಿಗೂ ಸಮವಾಗಿ ಸಿಕ್ಕಿಲ್ಲ. ಲಗ್ನಸರಿ ಶುರುವಾಯಿತೆಂದರೆ ನಮ್ಮ ತರಗತಿಯ ಹಿಂದಿನ ಎರಡು ಸಾಲು ಖಾಲಿ. ಎಲ್ಲಿ ಎಂದು ಕೇಳಬೇಕಾಗಿಲ್ಲ, ಕ್ಯಾಟರಿಂಗ್‌ಗೆ ಹೋಗಿದ್ದಾರೆ. ಕಪ್ಪು ಪ್ಯಾಂಟು, ಬಿಳಿ ಅಂಗಿ, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಛತ್ರದಲ್ಲಿ ಅನ್ನದ ಬಕೆಟ್ ಹಿಡಿದು ಸಾಲು ಸಾಲು ಓಡುವ ಹುಡುಗನ ಎದುರಿಗೆ ಒಮ್ಮೊಮ್ಮೆ ನಾವೇ ಎಲೆ ಹಾಕಿಕೊಂಡು ಕೂತಿರುತ್ತೇವೆ. ಅವನು ನಕ್ಕು, ನಮಗೆ ಒಂದು ಹೋಳಿಗೆ ಹೆಚ್ಚು ಹಾಕುತ್ತಾನೆ. ರಾತ್ರಿ ಹನ್ನೆರಡಕ್ಕೆ ಪಾತ್ರೆ ಎಣಿಸಿ ಕೊಟ್ಟು ಬಂದವನಿಗೆ ಬೆಳಿಗ್ಗೆ ಒಂಬತ್ತೂವರೆಗೆ ಸಮಯಪಾಲನೆಯ ಉಪದೇಶ ಮಾಡುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ. ಮೆಡಿಕಲ್ ಶಾಪ್, ಪೆಟ್ರೋಲ್ ಬಂಕ್, ಊಟ ತಲುಪಿಸುವ ಕೆಲಸ ಮಾಡಿಕೊಂಡು ಓದುವವರ ಕಥೆಯೂ ಇದೇ.

ದುಡಿದು ಓದುವುದು ಹೊಸತೇನೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದುವಾಗ ಮನೆಪಾಠ ಹೇಳಿಯೇ ಹೊಟ್ಟೆ ಹೊರೆದುಕೊಂಡದ್ದು. ಆದರೆ ಮನೆಪಾಠಕ್ಕೂ ಅನ್ನದ ಬಕೆಟ್ಟಿಗೂ ಒಂದು ವ್ಯತ್ಯಾಸ ಇದೆ: ಪಾಠ ಹೇಳಿದವನ ವಿದ್ಯೆ ಹೇಳುತ್ತ ಹೇಳುತ್ತ ಬೆಳೆಯುತ್ತದೆ. ಆದ್ದರಿಂದ ದುಡಿಯಲೇಬೇಕಾದವರಿಗೆ ನಾನು ಹೇಳುವುದು ಇಷ್ಟು. ಅದೇ ಕ್ಯಾಟರಿಂಗ್ ಯಜಮಾನರ ಹತ್ತಿರ ಒಂದು ಸೀಸನ್ ಬಡಿಸಿದ ಮೇಲೆ ಎರಡನೇ ಸೀಸನ್‌ಗೆ ಸಾಮಾನಿನ ಲೆಕ್ಕ ಬರೆಯುವ ಕೆಲಸ ಕೇಳಿ. ಐನೂರು ಎಲೆಗೆ ಎಷ್ಟು ಬೇಳೆ, ಎಷ್ಟು ಸಿಲಿಂಡರ್, ಎಷ್ಟು ಜನ, ಎಷ್ಟು ಉಳಿತಾಯ ಎಂದು ತಿಳಿದ ಬಿ.ಕಾಂ. ವಿದ್ಯಾರ್ಥಿಗೆ ಕಾಸ್ಟ್ ಅಕೌಂಟಿಂಗ್ ಪುಸ್ತಕ ಹೆದರಿಸುವುದಿಲ್ಲ. ಇನ್ನೊಂದು: ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆಂದು ತಿಂಗಳಿಗಿಷ್ಟು ಎಂದು ನೆರವು ಕೊಡುವ ‘ವಿದ್ಯಾಸಿರಿ’ ಇದೆ. ಸ್ಕಾಲರ್‌ಶಿಪ್ ಅರ್ಜಿ ಎಂದರೆ ಕೊನೆಯ ದಿನ ಸೈಬರ್ ಸೆಂಟರಿನ ಮುಂದೆ ಸಾಲು ನಿಲ್ಲುವುದು ಎಂಬ ಪದ್ಧತಿ ಬಿಟ್ಟು, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇವನ್ನು ರಜೆಯಲ್ಲೇ ಸರಿಮಾಡಿಟ್ಟುಕೊಂಡರೆ ಅದೆಷ್ಟೋ ಮದುವೆಮನೆಯ ರಾತ್ರಿಗಳು ಉಳಿಯುತ್ತವೆ.

ಹುಡುಗಿಯರದು ಬೇರೆಯದೇ ಗಡಿಯಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾಯಿತು. ಪಾಸ್ ಮಾಡಿಸುವ ದುಡ್ಡಿಲ್ಲ ಎಂದು ಓದು ನಿಲ್ಲಿಸುವ ಕಾರಣ ಒಂದು ಹೋಯಿತು. ಆದರೆ ಬಸ್ಸಿನ ಸಮಯ ಬದಲಾಗಲಿಲ್ಲ. ‘ನಾಲ್ಕೂಕಾಲಿನ್ ಬಸ್ ಬಿಟ್ರೆ ಆರೂವರೆಗೇ ಸರ್, ಅಪ್ಪ ಕಾಲೇಜೇ ಬಿಡಿಸ್ತಾರೆ’ ಎನ್ನುವವಳಿಗೆ ಸಂಜೆಯ ವಿಚಾರಗೋಷ್ಠಿಯ ಆಮಂತ್ರಣ ಪತ್ರಿಕೆ ಕೊಟ್ಟು ಏನು ಫಲ? ಮನೆಗೆ ಹೋದೊಡನೆ ಕಸ, ಹಸು, ಒಲೆ, ತಮ್ಮನ ಹೋಂವರ್ಕ್. ಇಡೀ ದಿನದಲ್ಲಿ ಅವಳಿಗೇ ಎಂದು ಇರುವುದು ಕಾಲೇಜು ಬಿಟ್ಟ ಮೇಲಿನ, ಬಸ್ಸು ಬರುವ ಮುಂಚಿನ ಆ ಒಂದೂಮುಕ್ಕಾಲು ಗಂಟೆ. ಅದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಳೆಯುತ್ತಿದ್ದರೆ ತಪ್ಪು ಅವಳದಲ್ಲ. ಎರಡೂವರೆಗೆ ಬೀಗ ಹಾಕಿದವರದು.

ಎನ್‌ಎಸ್‌ಎಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕಾಲೇಜಿನಲ್ಲಿ ಈಗಲೂ ಉಳಿದಿರುವ ಒಳ್ಳೆಯ ಸಂಗತಿಗಳಲ್ಲಿ ಇದೊಂದು, ಬಹಳ ಜನ ಇದನ್ನು ಬಿಳಿ ಟೀಶರ್ಟಿನ ಮಟ್ಟಕ್ಕೆ ಇಳಿಸಿದ್ದಾರೆ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಇದು ಆರಂಭವಾಯಿತು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಕೆಲಸ ಮಾಡಬೇಕು. ಜೊತೆಗೆ ಏಳು ದಿನದ ವಿಶೇಷ ಶಿಬಿರ. ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಠಿಕಾಣಿ. ಒಂದು ಕೊಠಡಿಯಲ್ಲಿ ಹುಡುಗರು, ಇನ್ನೊಂದರಲ್ಲಿ ಹುಡುಗಿಯರು, ಜಮಖಾನದ ಮೇಲೆ ನಿದ್ದೆ. ಬೆಳಿಗ್ಗೆ ಉಪ್ಪಿಟ್ಟು ತಿಂದು ಚರಂಡಿಯ ಹೂಳೆತ್ತಲು ಹೊರಟರೆ, ಮೊದಲ ದಿನ ಊರಿನವರು ಜಗಲಿಯ ಮೇಲೆ ಕೂತು ನೋಡುತ್ತಾರೆ. ‘ಇವ್ರಿಗೆ ಎಷ್ಟು ಕೊಡ್ತಾರಂತೆ?’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಮೂರನೇ ದಿನ ಯಾರದೋ ಮನೆಯಿಂದ ಮಜ್ಜಿಗೆ ಬರುತ್ತದೆ. ಐದನೇ ದಿನ ಊರಿನ ಹುಡುಗರು ಗುದ್ದಲಿ ಹಿಡಿದು ಜೊತೆಗೆ ಇಳಿಯುತ್ತಾರೆ.

ಒಂದು ಶಿಬಿರದಲ್ಲಿ ಊಟದ ಲೆಕ್ಕ ವಹಿಸಿಕೊಂಡಿದ್ದ ಬಿ.ಕಾಂ. ಹುಡುಗಿಯೊಬ್ಬಳ ನೋಟ್‌ಬುಕ್ಕನ್ನು ನಾನು ನೋಡಿದ್ದೇನೆ. ಐವತ್ತು ಜನಕ್ಕೆ ಎಷ್ಟು ರವೆ ಎಂದು ಮೊದಲ ದಿನ ಅಂದಾಜು ತಪ್ಪಿ ಉಪ್ಪಿಟ್ಟು ಉಳಿದದ್ದು, ಎರಡನೇ ದಿನ ಸಾಲದೆ ಅವಲಕ್ಕಿ ಒಗ್ಗರಣೆ ಹಾಕಿದ್ದು, ಎಲ್ಲ ಅದರಲ್ಲಿತ್ತು. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಬಿಲ್ ಕೊಡುವುದಿಲ್ಲ, ಆಡಿಟ್‌ಗೆ ಬಿಲ್ ಬೇಕು. ಅವಳು ಒಂದು ಹಾಳೆಯಲ್ಲಿ ದಿನಾಂಕ, ಕಟ್ಟು, ದರ ಬರೆದು ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದಳು. ವೋಚರ್ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ. ಅದೇ ಶಿಬಿರದ ಸಂಜೆಯ ಕಾರ್ಯಕ್ರಮದಲ್ಲಿ ಮೈಕ್ ಮುಂದೆ ನಿಂತು ಕಾಲು ನಡುಗಿಸಿಕೊಂಡೇ ಸ್ವಾಗತ ಕೋರಿದ ಹುಡುಗನೊಬ್ಬ, ಏಳನೇ ದಿನ ಗ್ರಾಮ ಪಂಚಾಯಿತಿ ಅಧ್ಯಕ್ಷರಿಂದ ಮೈಕ್ ಕಸಿದುಕೊಂಡು ವಂದನಾರ್ಪಣೆ ಮಾಡಿದ. ಈ ಏಳು ದಿನದ ಶಿಬಿರಕ್ಕೆ ಪ್ರಮಾಣಪತ್ರಕ್ಕಾಗಿ ಹೋಗುವವರು ಹೋಗಲಿ. ಆದರೆ ಲೆಕ್ಕ, ಅಡುಗೆ, ಮೈಕ್ ಈ ಮೂರರಲ್ಲಿ ಒಂದನ್ನಾದರೂ ಕೇಳಿ ವಹಿಸಿಕೊಳ್ಳಲಿ.

ಇನ್ನು ಸ್ಪರ್ಧಾತ್ಮಕ ಪರೀಕ್ಷೆ. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದ ಬೀದಿಗಳಲ್ಲಿ ಕೋಚಿಂಗ್ ಕೇಂದ್ರಗಳ ಬೋರ್ಡು, ಪಿ.ಜಿ.ಗಳು, ರೀಡಿಂಗ್ ರೂಮ್‌ಗಳು ಒತ್ತೊತ್ತಾಗಿ ನಿಂತಿವೆ. ಈಗ ಅದರ ಗಾಳಿ ಪದವಿಯ ಮೊದಲ ವರ್ಷಕ್ಕೇ ಬೀಸಿದೆ. ಹದಿನೆಂಟರ ಹುಡುಗ ತರಗತಿಯಲ್ಲಿ ಇತಿಹಾಸದ ಪಾಠ ನಡೆಯುವಾಗ ಡೆಸ್ಕಿನ ಕೆಳಗೆ ಸಾಮಾನ್ಯ ಜ್ಞಾನದ ಪುಸ್ತಕ ತೆರೆದುಕೊಂಡು ಕದಂಬರ ರಾಜಧಾನಿ ಯಾವುದು ಎಂದು ಗುರುತು ಹಾಕುತ್ತಿರುತ್ತಾನೆ. ಪಾಠವೂ ಕದಂಬರದೇ ಆಗಿರುತ್ತದೆ! ನೌಕರಿಯ ಆಸೆ ತಪ್ಪಲ್ಲ. ನಮ್ಮ ಹಳ್ಳಿಗಳಲ್ಲಿ ಸರ್ಕಾರಿ ನೌಕರಿಯಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಆದರೆ ಆ ಪರೀಕ್ಷೆಯ ಪಂಚಾಂಗ ನಮ್ಮ ಕೈಯಲ್ಲಿಲ್ಲ. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ಎರಡು ವರ್ಷಕ್ಕೂ ಮೇಲ್ಪಟ್ಟ ಆಯುಷ್ಯ ಅದರಲ್ಲಿ ಹೋಯಿತು. ಮೂರು ವರ್ಷದ ಪದವಿಯನ್ನೂ ಅದೇ ಕಾಯುವಿಕೆಗೆ ಸೇರಿಸಿದರೆ ಉಳಿಯುವುದೇನು? ಕೋಚಿಂಗ್‌ಗೆ ಪದವಿಯ ನಂತರವೂ ಸಮಯ ಇದೆ. ಮೂಲ ಪುಸ್ತಕ ಓದಲು, ಮೇಷ್ಟ್ರನ್ನು ಪ್ರಶ್ನೆ ಕೇಳಲು, ನಾಲ್ಕು ಪುಟ ಸ್ವಂತವಾಗಿ ಬರೆದು ತಿದ್ದಿಸಿಕೊಳ್ಳಲು ಇರುವುದು ಇದೇ ಕಾಲ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಕೇಳುವುದೂ ಕೊನೆಗೆ ಅದನ್ನೇ, ಸ್ವಂತ ಮಾತಿನಲ್ಲಿ ಬರೆಯುವುದನ್ನು.

ಮೂಲ ಪುಸ್ತಕ ಎಂದೆ. ಅದು ಇರುವುದು ಗಾಜಿನ ಬೀರುವಿನಲ್ಲಿ, ಬೀಗದ ಹಿಂದೆ. ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿ ಚೀಟಿಯಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರು ಬರೆದು ಕೊಡಬೇಕು, ಒಳಗಿನಿಂದ ತಂದುಕೊಡುತ್ತಾರೆ. ತಾನು ಎಂದೂ ಕಣ್ಣಲ್ಲಿ ಕಂಡಿರದ ಪುಸ್ತಕದ ಹೆಸರನ್ನು ಹದಿನೆಂಟರ ಹುಡುಗಿ ಹೇಗೆ ಬರೆದಾಳು? ಗೊತ್ತಿರುವ ಒಂದೇ ಹೆಸರು ಪಠ್ಯಪುಸ್ತಕದ್ದು, ಅದನ್ನೇ ಬರೆಯುತ್ತಾಳೆ. ‘ಮಕ್ಕಳು ಬೇರೇನೂ ಓದುವುದಿಲ್ಲ’ ಎಂದು ನಾವು ಸ್ಟಾಫ್ ರೂಮಿನಲ್ಲಿ ಕೂತು ಕೊರಗುತ್ತೇವೆ.

ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್, 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಕೊಟ್ಟರು. ನಾಲ್ಕನೆಯ ಸೂತ್ರವೇ ಓದುಗರ ಸಮಯ ಉಳಿಸಬೇಕು ಎಂಬುದು. ಪುಸ್ತಕದ ಕಪಾಟು ಓದುಗರಿಗೆ ತೆರೆದಿರಬೇಕು, ಕೈಯಿಂದ ಮುಟ್ಟಿ ತಿರುವಿ ಆರಿಸಿಕೊಳ್ಳಬೇಕು ಎಂದು ಅವರು ಪಟ್ಟುಹಿಡಿದರು. ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನಾ ಕೇಂದ್ರವನ್ನು ಇಲ್ಲೇ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಊರಿನ ಸುತ್ತಲೇ ಇಷ್ಟೊಂದು ಬೀಗಗಳು. ವಿದ್ಯಾರ್ಥಿಗಳಿಗೆ ನನ್ನ ಸಲಹೆ ಸ್ವಲ್ಪ ಕಿಲಾಡಿತನದ್ದು. ಗ್ರಂಥಪಾಲಕರ ಬಳಿ ಹೋಗಿ ‘ಪುಸ್ತಕ ಜೋಡಿಸೋಕೆ ಸಹಾಯ ಮಾಡ್ತೀನಿ ಮೇಡಂ’ ಎನ್ನಿ. ಸಿಬ್ಬಂದಿ ಸಾಲದ ಕಾಲ ಇದು, ಬೇಡ ಎನ್ನುವುದಿಲ್ಲ. ಧೂಳು ಒರೆಸುತ್ತ ಒರೆಸುತ್ತ ಏನೇನಿದೆ ಎಂದು ಕಣ್ಣಿಗೆ ಬೀಳುತ್ತದೆ. ಹಾಗೇ ‘ಎನ್-ಲಿಸ್ಟ್ ಲಾಗಿನ್ ಕೊಡಿ’ ಎಂದೂ ಕೇಳಿ. ಕಾಲೇಜು ಸದಸ್ಯನಾಗಿದ್ದರೆ ಸಾವಿರಾರು ನಿಯತಕಾಲಿಕಗಳು, ಇ-ಪುಸ್ತಕಗಳು ಮೊಬೈಲಿನಲ್ಲೇ ತೆರೆದುಕೊಳ್ಳುತ್ತವೆ. ಕಾಲೇಜು ಅದಕ್ಕೆ ಹಣ ಕಟ್ಟಿರುತ್ತದೆ, ಕೇಳುವವರಿಲ್ಲ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೂ ಅದು ತೆರೆಯುತ್ತದೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಯಾರೂ ತಟ್ಟದೆ ಉಳಿದ ಇನ್ನೊಂದು ಬಾಗಿಲಿದೆ. ಸಿ.ವಿ. ರಾಮನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಓದುತ್ತಿದ್ದಾಗ, ಪ್ರಾಕ್ಟಿಕಲ್ ಸಮಯದಲ್ಲಿ ಪ್ರಿಸಂ ಇಟ್ಟು ಕೋನ ಅಳೆಯುವಾಗ ಕಂಡ ಬೆಳಕಿನ ಪಟ್ಟೆಗಳ ಬೆನ್ನುಹತ್ತಿ ಒಂದು ಪ್ರಬಂಧ ಬರೆದರು. 1906ರಲ್ಲಿ ಇಂಗ್ಲೆಂಡಿನ ಫಿಲಸಾಫಿಕಲ್ ಮ್ಯಾಗಜೀನ್ ಅದನ್ನು ಅಚ್ಚು ಹಾಕಿತು. ಆಗ ಅವರಿಗೆ ಹದಿನೆಂಟು. ಜೊತೆಯವರೂ ಅದೇ ಪ್ರಿಸಂ ಇಟ್ಟು, ರೆಕಾರ್ಡ್ ಬರೆದು, ಸಹಿ ಹಾಕಿಸಿಕೊಂಡಿದ್ದರು. ಅದೇ ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತಿದೆ. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೂತು ಕೆಲಸ ಮಾಡಬಹುದು, ಭತ್ಯೆಯೂ ಉಂಟು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಇಂಥದೇ ಬೇಸಿಗೆ ಕಾರ್ಯಕ್ರಮ ಇದೆ. ಅರ್ಜಿ ಕರೆಯುವುದು ಬೇಸಿಗೆಯಲ್ಲಲ್ಲ, ಅದಕ್ಕೆ ತಿಂಗಳುಗಟ್ಟಲೆ ಮುಂಚೆ, ಚಳಿಗಾಲದ ಹೊತ್ತಿಗೆ. ಬೇಸಿಗೆ ರಜೆ ಬಂದ ಮೇಲೆ ನೆನಪಾದರೆ ಒಂದು ವರ್ಷ ಹೋಯಿತು.

ಫೇಲಾದವರಿಗೆ ಏನು ಹೇಳುತ್ತೀರಿ ಎಂದು ಕೇಳಬಹುದು. ಆರ್.ಕೆ. ನಾರಾಯಣ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮೈಸೂರಿನ ಮನೆಯಲ್ಲಿ ಕೂತರು. ಆ ವರ್ಷ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದರು. ಆಮೇಲೆ ಮಹಾರಾಜ ಕಾಲೇಜು ಸೇರಿ, ಎಲ್ಲರೂ ಮೂರು ವರ್ಷದಲ್ಲಿ ಮುಗಿಸುವ ಬಿ.ಎ.ಯನ್ನು ನಾಲ್ಕು ವರ್ಷಕ್ಕೆ ಮುಗಿಸಿದರು. ಬ್ಯಾಕ್‌ಲಾಗ್ ಉಳಿದ ವರ್ಷವೂ ವರ್ಷವೇ.

ಇಷ್ಟೆಲ್ಲ ಹೇಳಿದ ಮೇಲೆ ವಿದ್ಯಾರ್ಥಿಗಳ ತಲೆಯ ಮೇಲೆ ಇನ್ನೊಂದು ವೇಳಾಪಟ್ಟಿ ಹೊರಿಸುವ ಆಸೆ ನನಗಿಲ್ಲ. ಬೆಳಿಗ್ಗೆ ಐದಕ್ಕೆ ಏಳಿ, ಗುರಿ ಬರೆದು ಗೋಡೆಗೆ ಅಂಟಿಸಿ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕ್ಯಾಂಟೀನ್ ಕಟ್ಟೆಯ ಹರಟೆಯನ್ನೂ ನಾನು ವ್ಯರ್ಥದ ಲೆಕ್ಕಕ್ಕೆ ಹಾಕುವುದಿಲ್ಲ. ಆ ಗೆಳೆತನ ಮುಂದೆ ಸಾಲಕ್ಕೂ ಸಾವಿಗೂ ಒದಗುತ್ತದೆ. ನಾನು ಕೇಳುವುದು ಸಣ್ಣದು. ಮೂರು ವರ್ಷದಲ್ಲಿ ಒಂದು ಕೆಲಸವನ್ನು, ಒಂದೇ ಒಂದನ್ನು, ಅಂಕಕ್ಕೆ ಸಂಬಂಧವಿಲ್ಲದಂತೆ ಕೊನೆಯವರೆಗೆ ಮಾಡಿ. ಒಂದು ಸಂಚಿಕೆ ತನ್ನಿ, ನಿಮ್ಮೂರಿನ ಕೆರೆಯ ಚರಿತ್ರೆಯನ್ನು ಹಿರಿಯರಿಂದ ಕೇಳಿ ಬರೆಯಿರಿ, ಒಂದು ನಾಟಕ ಆಡಿಸಿ, ಒಂದು ವಾದ್ಯ ಹಿಡಿಯಿರಿ. ಏನು ಮಾಡಬೇಕೆಂದು ತೋಚದಿದ್ದರೆ ನಿಮಗೆ ಇಷ್ಟವಾದ ಮೇಷ್ಟ್ರನ್ನು ಎರಡು ಗಂಟೆಯ ಮೇಲೆ ಹೋಗಿ ಕಾಣಿ. ತರಗತಿಯಲ್ಲಿ ಗದರುವವರೂ ಆ ಹೊತ್ತಿನಲ್ಲಿ ಬೇರೆಯೇ ಮನುಷ್ಯರಾಗಿರುತ್ತಾರೆ.

ಪ್ರಾಂಶುಪಾಲರಿಗೆ ಮತ್ತು ಕಾಲೇಜು ಅಭಿವೃದ್ಧಿ ಸಮಿತಿಯವರಿಗೆ ಒಂದು ಮನವಿ. ಹೊಸ ಕಟ್ಟಡ, ಹೊಸ ಸ್ಮಾರ್ಟ್ ಬೋರ್ಡು ಬರುವಾಗ ಬರಲಿ. ಈ ಸೆಮಿಸ್ಟರಿನಿಂದಲೇ ಗ್ರಂಥಾಲಯವನ್ನೂ, ಅದರ ಪಕ್ಕದ ಒಂದು ಕೊಠಡಿಯನ್ನೂ ಹಳ್ಳಿಯ ಕೊನೆಯ ಬಸ್ಸು ಹೊರಡುವವರೆಗೆ ತೆರೆದಿಡಿ. ಎರಡು ಫ್ಯಾನು, ಕುಡಿಯುವ ನೀರು, ಹುಡುಗಿಯರ ಶೌಚಾಲಯದ ಬೀಗದ ಕೈ, ಸರದಿಯ ಮೇಲೆ ಒಬ್ಬರು ಅಧ್ಯಾಪಕರು ಇದ್ದರೆ ಸಾಕು, ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ಬಸ್ಸಿನ ವೇಳಾಪಟ್ಟಿಯನ್ನು ಕೊಠಡಿಯ ಬಾಗಿಲಿಗೇ ಅಂಟಿಸಿ.